ಬೆಣ್ಣೆಬೆರಳು

ಹೈಸ್ಕೂಲಿನ ಬೇಸ್‌ಬಾಲ್ ಪಂದ್ಯದಲ್ಲಿ ಒಂದು ಕ್ಯಾಚ್ ಕೈಚೆಲ್ಲಿದ್ದಕ್ಕೆ ಲೋವೆಲ್‌ಗೆ 'ಬೆಣ್ಣೆಬೆರಳು' ಎಂದು ಹೆಸರಿಟ್ಟವನು ಗೆಳೆಯ ಡ್ವೇನ್. ನಲವತ್ತು ವರ್ಷವಾದರೂ ಓಹಾಯೋದ ಆ ಪುಟ್ಟ ಊರು ಅದನ್ನು ಬಿಟ್ಟಿರಲಿಲ್ಲ.

ಚರ್ಚಿನ ಊಟದ ದಿನ ಲೋವೆಲ್ ಕೈಯಿಂದ ಬೀನ್ಸ್ ಪಾತ್ರೆ ಜಾರಿ ಬಿತ್ತು.

"ಏಯ್ ಬೆಣ್ಣೆಬೆರಳು, ಇವತ್ತೂ ಕೈ ಒರೆಸ್ಕೊಂಡು ಬರ್ಲಿಲ್ವೇನೋ?" ಎಂದು ಡ್ವೇನ್ ಕೂಗಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ಲೋವೆಲ್ಲೇ.

ನೆಲ ಒರೆಸುತ್ತಿದ್ದ ಲೋವೆಲ್‌ನ ಹೆಂಡತಿ ಮಾರ್ಲಾ ತಗ್ಗಿದ ದನಿಯಲ್ಲಿ ಹೇಳಿದಳು: "ಅವನಿಗೆ ನರದ ಕಾಯಿಲೆ, ಡ್ವೇನ್. ಅಂಗಿ ಗುಂಡಿ ಹಾಕೋದೂ ನಾನೇ. ನಿಂಗೆ ಮಾತ್ರ ಹೇಳ್ಬೇಡ ಅಂದಿದ್ದಾನೆ."

ಡ್ವೇನ್‌ಗೆ ತನ್ನ ನಾಲಿಗೆ ಕಿತ್ತು ಬಿಸಾಡಬೇಕೆನ್ನಿಸಿತು.

ಮುಂದಿನ ಭಾನುವಾರ ಲೋವೆಲ್ ಕೈಯಿಂದ ಚಮಚ ಬಿತ್ತು. ಡ್ವೇನ್ ಬಗ್ಗಿ, ಮಾತಿಲ್ಲದೆ ಎತ್ತಿಕೊಟ್ಟ.

ಎಂದಿನ ಗೇಲಿಗೆ ಕಾದಿದ್ದ ಲೋವೆಲ್‌ನ ನಗು ಬಾಡಿತು.

"ಓಹೋ, ಹೇಳ್ಬಿಟ್ಲಾ ನಿಂಗೆ?"