ಖಾಲಿ ಬೀದಿಗೊಬ್ಬ ಮನುಷ್ಯ

ನಾನು ಹೇಳುವ ಹತ್ತು ಕತೆಗಳಲ್ಲಿ ಒಂಬತ್ತು ಬರೀ ಒಗ್ಗರಣೆ ಎಂದು ನಮ್ಮ ಚಿತ್ರಕಾರರ ಮೊಂಮಾರ್ತ್ರ್ ಗುಡ್ಡದಲ್ಲಿ ಎಲ್ಲರಿಗೂ ಗೊತ್ತು. ಇದು ಹತ್ತನೆಯದು. ಏಣಿ ಹಿಡಿದು ನಿಂತು ಕಣ್ಣಾರೆ ಕಂಡವನು ನಾನು.

ನನ್ನ ಗೆಳತಿ ಓಡಿಲ್ ಕಾರ್ವೆನೆಕ್ ತನ್ನ ಮನೆಯೆದುರಿನ ಬೀದಿಯನ್ನು ಚಿತ್ರಿಸಲು ಇಡೀ ಚಳಿಗಾಲ ಸವೆಸಿದ್ದಳು. ಭಾನುವಾರ ಮಧ್ಯಾಹ್ನ, ಊರೆಲ್ಲ ಸೂಪಿನ ಮುಂದೆ ಕೂತ ಹೊತ್ತು: ಮುಚ್ಚಿದ ಕಿಟಕಿಗಳು, ಸುಣ್ಣ ಉದುರಿದ ಗೋಡೆ, ಅದರ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂಬ ಬರಹ. ನರಪಿಳ್ಳೆಯೂ ಇಲ್ಲ. ಮೂರು ವರ್ಷ ಅವಳನ್ನು ವಾಪಸು ಕಳಿಸಿದ್ದ ವಾರ್ಷಿಕ ಪ್ರದರ್ಶನದವರು ಈ ಸಲ ಹೇಗೋ ಒಪ್ಪಿದ್ದರು.

ಪ್ರದರ್ಶನದ ಹಿಂದಿನ ದಿನ ನಮಗೆ ವಾರ್ನಿಷ್ ದಿನ. ಕಲಾವಿದರು ಏಣಿ ಹತ್ತಿ, ಗೋಡೆಯ ಮೇಲಿರುವ ಚಿತ್ರದ ಮೇಲೇ ಕೊನೆಯ ಕುಂಚ ಆಡಿಸುತ್ತಾರೆ. ಮಧ್ಯಾಹ್ನ ದೊಡ್ಡ ಮನುಷ್ಯರು ಮಡದಿಯರೊಂದಿಗೆ ಬರುತ್ತಾರೆ. ಬೆಳಿಗ್ಗೆಯೇ ಬಂದವರು ಬಾರ್ಬಜಾನ್, ಯಾವ ಚಿತ್ರ ಎಲ್ಲಿ ತೂಗುಹಾಕಬೇಕೆಂದು ನಿರ್ಧರಿಸುವ ಸಮಿತಿಯ ಯಜಮಾನರು. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಹಸಿರು ಕೊಡೆ. ಮಾತು, ನಗು ಎರಡೂ ಮೂಗಿನಲ್ಲೇ.

"ಬೀದಿ ಅಂದ್ಮೇಲೆ ಜನ ಇರ್ಬೇಕಮ್ಮ. ಹನ್ನೆರಡರೊಳಗೆ ಒಬ್ಬ ಮನುಷ್ಯನ್ನ ಬರಿ. ಇಲ್ಲಾಂದ್ರೆ ಇದು ನೆಲಮಾಳಿಗೆಗೆ."

ಆ ನಿಶ್ಶಬ್ದವೇ ಚಿತ್ರ, ಯಾರಾದರೂ ಕಾಲಿಟ್ಟರೆ ಅದು ಸತ್ತಂತೆ ಎಂದು ಓಡಿಲ್ ಹೇಳಿ ನೋಡಿದಳು. ಕೊಡೆ ಆಗಲೇ ಮುಂದಿನ ಗೋಡೆಗೆ ಹೋಗಿತ್ತು. "ಒಬ್ಬ ಮನುಷ್ಯನ್ನ ಬರಿ" ಎಂದು ನಾನು ಅವರಂತೆಯೇ ಮೂಗಿನಲ್ಲಿ ಅಣಕಿಸಿದೆ. ಅವಳು ನಗಲಿಲ್ಲ.

"ಯಾವ ಮನುಷ್ಯ ಅಂತ ಹೇಳ್ಲಿಲ್ಲ ಅಲ್ವಾ? ಏಣಿ ಹಿಡಿ."

ಚಿತ್ರ ಒಣಗಿ, ವಾರ್ನಿಷ್ ಆಗಿ ವಾರಗಳಾಗಿದ್ದವು. ಅದರ ಮೇಲಿನ ಹಸಿ ಬಣ್ಣ ಒಂದು ಬಟ್ಟೆಗೆ ಒರೆಸಿಹೋಗುತ್ತದೆ. ಅದೇ ಅವಳ ಧೈರ್ಯ.

ಮಧ್ಯಾಹ್ನ ಚಿತ್ರದ ಮುಂದೆ ಮೊದಲು ನಿಂತವರು ಬಾರ್ಬಜಾನರ ಹೆಂಡತಿ. ಆ ಬರಹದ ಕೆಳಗೇ, ಗೋಡೆಗೆ ಮುಖ ಮಾಡಿ, ಕಾಲಗಲಿಸಿ ನಿಂತಿದ್ದ ಹೆಬ್ಬೆರಳುದ್ದದ ದಪ್ಪ ಮನುಷ್ಯ. ಕಂಕುಳಲ್ಲಿ ಹಸಿರು ಕೊಡೆ.

"ರೀ, ಬನ್ನಿ ಇಲ್ಲಿ. ಭಾನುವಾರ ವಾಕಿಂಗ್ ಅಂತ ಹೋಗೋದು ಇಲ್ಲಿಗಾ?"

ಸುತ್ತಲೂ ಕಿಸಕ್ಕೆಂದ ನಗು. ಬಾರ್ಬಜಾನ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕಿವಿ ಕೆಂಪಾಯಿತು. ಅಳಿಸು ಎಂದರು.

"ಆಗಲ್ಲ ಮೇಷ್ಟ್ರೇ," ಓಡಿಲ್ ಏಣಿಯಿಂದಿಳಿಯದೆ ಹೇಳಿದಳು. "ಬೀದೀಲಿ ಒಬ್ರು ಇರ್ಲೇಬೇಕು, ನಿಮ್ಮದೇ ಅಪ್ಪಣೆ. ಖಾಲಿ ಇದ್ರೇ ಚೆಂದ ಅಂತ ಇವರೆಲ್ಲರ ಮುಂದೆ ಹೇಳಿ, ಈಗ್ಲೇ ಒರೆಸ್ತೀನಿ."

ಚಿತ್ರ ಇಳಿಸುವ ಇಬ್ಬರು ಆಳುಗಳು ಅವರ ಸನ್ನೆಗೆ ಕಾದು ನಿಂತಿದ್ದರು. ಬಾರ್ಬಜಾನ್ ಚಿತ್ರವನ್ನೊಮ್ಮೆ, ತಮ್ಮ ಕೊಡೆಯನ್ನೊಮ್ಮೆ ನೋಡಿದರು.

"ಖಾಲಿ ಇದ್ರೇ ಚೆಂದ," ಎಂದರು ಕೊನೆಗೆ. ಓಡಿಲ್ ಬಟ್ಟೆ ಎತ್ತಿದಳು. ಅವರು ಕೈ ಅಡ್ಡ ಹಿಡಿದರು. "ತಡಿಯಮ್ಮ, ಒಂದ್ನಿಮಿಷ. ಪಾಪ, ಅವನ ಕೆಲಸ ಮುಗೀಲಿ."

ಹಾಗೆಂದವರೇ ಕೊಡೆ ಜಾರಿ ಬೀಳುವಂತೆ ನಕ್ಕರು, ಮೂಗಿನಿಂದಲ್ಲ, ಹೊಟ್ಟೆಯಿಂದ, ನಮ್ಮೆಲ್ಲರ ನಗುವನ್ನೂ ಮುಳುಗಿಸಿ. ಅದೊಂದನ್ನು ಅಣಕಿಸಲು ನನಗೆ ಇವತ್ತಿಗೂ ಬಂದಿಲ್ಲ.