ಬಿಸಿಲುಕೋಣೆಯ ಮೂರು ಕುರ್ಚಿ

ಕೊಡಿಗೇಹಳ್ಳಿಯ ಹಳೇ ಬೀದಿಯಲ್ಲಿ ಚನ್ನಕೇಶವನ ಮನೆ. ಅದರ ಮೂಡಲಿಗೆ ತಮ್ಮ ಅನಂತರಾಜುವಿನ ಪಾಲಿಗೆ ಬಂದ ಖಾಲಿ ಜಾಗ, ಅದರಾಚೆಗೆ ಅನಂತರಾಜುವಿನ ಮನೆ. ಹಿಂದೆ ಹುಲ್ಲಿನ ಬಣವೆ ಇದ್ದ ಆ ಜಾಗದಲ್ಲಿ ಈಗ ಒಂದು ಹೊಂಗೆಮರ ಬಿಟ್ಟರೆ ಏನೂ ಇರಲಿಲ್ಲ. ಸುತ್ತ ಕಟ್ಟಡಗಳೆದ್ದು ಬೀದಿಯೇ ಬಾವಿಯಂತಾಗಿದ್ದರೂ ಸೂರ್ಯನಾರಾಯಣ ದಿನಾ ಬೆಳಿಗ್ಗೆ ಆ ಒಂದು ಸಂದಿಯಿಂದ ಇಳಿದು ಚನ್ನಕೇಶವನ ಮಹಡಿಗೆ ಬರುತ್ತಿದ್ದ.

ಚನ್ನಕೇಶವನ ಹೆಂಡತಿ ರಾಧಾಮಣಿಗೆ ಮಂಡಿನೋವು. ಎಳೆಬಿಸಿಲಿಗೆ ಮೈಯೊಡ್ಡಿ ಎಂದಿದ್ದರು ಡಾಕ್ಟರು. ಮಹಡಿಯ ಮೇಲೆ ಕೂತರೆ ಏರ್‌ಪೋರ್ಟ್ ರಸ್ತೆಯ ಧೂಳೆಲ್ಲ ತಲೆಯ ಮೇಲೆ.

"ಮಹಡಿ ಮೇಲೆ ಒಂದು ಸನ್‌ರೂಮ್ ಹಾಕ್ಸೋಣಮ್ಮ. ಸುತ್ತ ಗಾಜು. ಬಿಸಿಲು ಮಾತ್ರ ಒಳಗೆ, ಧೂಳು ಹೊರಗೆ" ಎಂದಳು ಮಗಳು ಮೋನಿಕಾ.

ಚನ್ನಕೇಶವ ಬೇಡವೆಂದು ತಲೆಯಲ್ಲಾಡಿಸಿದ. "ಮೂಡ್ಲು ಜಾಗ ನಮ್ದಲ್ಲ. ನಾಳೆ ತಮ್ಮ ಅಲ್ಲಿ ಕಟ್ಟಿದ್ರೆ ನಿಮ್ ಬಿಸಿಲು ಎಲ್ಲಿಗೋಯ್ತದೆ?"

ಅಲ್ಲೇ ಕಾಫಿ ಕುಡಿಯುತ್ತಿದ್ದ ಅನಂತರಾಜು ಲೋಟ ಕೆಳಗಿಟ್ಟ. "ಏನ್ ಮಾತಣ್ಣ ಅದು. ಅತ್ಗೆ ಇರೋವರ್ಗೂ ಆ ಜಾಗಕ್ಕೆ ಒಂದ್ ಇಟ್ಟಿಗೆ ಇಕ್ಕಲ್ಲ ನಾನು. ಅತ್ಗೆ ಬಿಸಿಲು ಅತ್ಗೆಗೇ."

ಅವನು ಹಾಗೆನ್ನದೆ ಇನ್ನಾರು ಅನ್ನಬೇಕು? ರಾಧಾಮಣಿ ಸೊಸೆಯಾಗಿ ಹೊಸಿಲು ದಾಟಿದಾಗ ಅವನು ತಾಯಿಯಿಲ್ಲದ ಕೂಸು. ಎಣ್ಣೆ ಹಚ್ಚಿ ಎರೆದವಳು ಅವಳು, ಮುದ್ದೆ ಮುರಿದು ಬಾಯಿಗಿಟ್ಟವಳು ಅವಳು. ಹೆರಲಿಲ್ಲ ಎನ್ನುವುದೊಂದು ಬಿಟ್ಟರೆ ಮಗನೇ.

ಕೆಲಸ ಶುರುವಾಯಿತು. ಆರ್.ಟಿ. ನಗರದ ಗಾಜಿನ ಕೆಲಸದ ಗಯಾಸ್ ಅಲ್ಯೂಮಿನಿಯಂ ಚೌಕಟ್ಟು ನಿಲ್ಲಿಸಿದ. ಗಾಜು ಮೇಲೇರಿಸುವ ದಿನ ಅನಂತರಾಜು ತನ್ನ ಕೆಲಸ ಬಿಟ್ಟು ಬಂದು, ಪಂಚೆ ಮೇಲೆ ಕಟ್ಟಿ ಭುಜ ಕೊಟ್ಟ. "ನಿಧಾನ ಕಣ್ರೋ. ಅದು ಗಾಜು, ನಿಮ್ ಮಾವನ್ ಮನೆ ಚಾಪೆಯಲ್ಲ" ಎಂದು ಗಯಾಸನ ಹುಡುಗರನ್ನು ನಗಿಸಿದ. ಅಂಚು ತಾಗಿ ಅಂಗೈ ಕುಯ್ದಾಗ ರಾಧಾಮಣಿಯೇ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು.

ಆಮೇಲೆ ತಾಯಿ ಮಗಳು ಯಲಹಂಕಕ್ಕೆ ಹೋಗಿ ಬಿದಿರಿನ ಪರದೆ, ಗಿಡದ ಕುಂಡ, ಬೆತ್ತದ ಕುರ್ಚಿ ನೋಡಿದರು. ಕುರ್ಚಿ ನಾಲ್ಕರ ಸೆಟ್ಟು. ನಾಲ್ಕನ್ನೂ ಒಯ್ಯಿರಿ, ಸೆಟ್ಟು ಒಡೆಯಬೇಡಿ ಎಂದ ಅಂಗಡಿಯವನು.

"ನಾವಿರೋದು ಮೂರ್ ಜನ. ಮೂರು ಸಾಕು" ಎಂದಳು ರಾಧಾಮಣಿ. "ನಾಲ್ಕನೇದು ಇಟ್ರೆ ತುಳಸಿ ಎಲ್ಲಿಡ್ಲಿ?"

ತುಳಸಿಯ ಪಕ್ಕಕ್ಕೆ ಅವಳು ತಂದಿಟ್ಟದ್ದು ತವರಿನ ವ್ಯಾಸಪೀಠ. ಅದರ ಮೇಲೆ ಗ್ರಂಥ ಹರವಿಕೊಂಡು ಅವಳಪ್ಪ ರಾಮಮಂದಿರದ ಜಗಲಿಯಲ್ಲಿ ಭಾರತ ಓದುತ್ತಿದ್ದರೆ, ಕಂಬಕ್ಕೊರಗಿ ಕೇಳಿ ಬೆಳೆದವಳು ಅವಳು. ಇನ್ನು ಇಲ್ಲಿ, ಬಿಸಿಲಲ್ಲಿ ಕೂತು ತಾನೇ ಮೆಲ್ಲಗೆ ಓದಿಕೊಳ್ಳುವುದು ಅವಳ ಆಸೆ. ಅಷ್ಟೇ ಆಸೆ.

ರಥಸಪ್ತಮಿಯ ಬೆಳಿಗ್ಗೆ ಹೊಸ ಕೋಣೆಯಲ್ಲಿ ಹಾಲುಕ್ಕಿಸುವುದೆಂದಾಯಿತು. ಈ ಒಕ್ಕಲುಮನೆಗಳಲ್ಲಿ ಬರಿಬಾಯಿಯ ಕರೆ ಕರೆಯಲ್ಲ. ಮನೆಯೊಡತಿ ಕುಂಕುಮದ ಭರಣಿ ಹಿಡಿದು ಬಾಗಿಲಿಗೆ ಹೋಗಿ, ಹಣೆಗಿಟ್ಟು ಕರೆಯಬೇಕು. ರಾಧಾಮಣಿ ಮಂಡಿ ಹಿಡಿದುಕೊಂಡೇ ಜಾಲಹಳ್ಳಿ, ದಾಸರಹಳ್ಳಿಯ ನೆಂಟರ ಮನೆಯನ್ನೆಲ್ಲ ಸುತ್ತಿ ಬಂದಳು. ಆಟೋ ನಿಂತದ್ದು ಅನಂತರಾಜುವಿನ ಗೇಟಿನ ಮುಂದೆ.

"ಚಿಕ್ಕಪ್ಪನ ಮನೆಗೂ ಇಟ್ಬಿಟ್ ಬರೋಣ" ಎಂದಳು ಮೋನಿಕಾ.

"ಥೂ, ಮನೇವ್ರನ್ನ ಯಾರಾದ್ರೂ ಕರೀತಾರೇನೆ? ಬಂದೋರ್ನ ಬನ್ನಿ ಅನ್ನಬೇಕಾದೋನೇ ಅವ್ನು."

ಕಿಟಕಿಯ ಪರದೆ ಸರಿಯಿತು. ಅನಂತರಾಜುವಿನ ಹೆಂಡತಿ ಪದ್ಮಶ್ರೀಯ ಮುಖ ಕಂಡಿತು. ರಾಧಾಮಣಿ ನಕ್ಕು, ಭರಣಿ ಮುಚ್ಚಿಕೊಂಡು ಮನೆಯತ್ತ ನಡೆದಳು. ಪರದೆ ಮತ್ತೆ ಬಿತ್ತು.

ಸಪ್ತಮಿಯ ದಿನ ಬಿಸಿಲು ಹೊಂಗೆಮರದ ನೆತ್ತಿ ದಾಟಿ ಗಾಜಿನೊಳಗೆ ಹೊಕ್ಕಿತು. ನೆಂಟರು ತುಂಬಿದರು. ಪಕ್ಕದ ಮನೆಯವರು ಮಾತ್ರ ಬರಲಿಲ್ಲ. ಕರೆಯಲು ಹೋದ ಮೋನಿಕಾ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಚಿಕ್ಕಮ್ಮ ಬಾಗಿಲಲ್ಲೇ ನಿಲ್ಸಿ ಹೇಳಿದ್ರಮ್ಮ. ಊರಿಗೆಲ್ಲ ಕುಂಕುಮ ಇಟ್ಟು ನಮ್ ಬಾಗಿಲ ಮುಂದೆ ಭರಣಿ ಮುಚ್ಕೊಂಡು ಹೋದ್ರಲ್ಲ, ನಮ್ಗೂ ಕಣ್ಣಿದೆ ಅಂದ್ರು."

ಹಾಲು ಮೂಡಲಿಗೇ ಉಕ್ಕಿತು. ಶುಭ ಎಂದರು ಎಲ್ಲರೂ. ರಾಧಾಮಣಿಗೆ ಅದು ಕೇಳಿಸಲಿಲ್ಲ.

ಸಂಜೆ ಭರಣಿ ಹಿಡಿದು ಹೋದಳು. ಪದ್ಮಶ್ರೀ ಚಾಪೆ ಹಾಸಿ, "ಕೂತ್ಕೊಳಿ ಅಕ್ಕ" ಎಂದು ಹಣೆಯೊಡ್ಡಿದಳು. ಆ ಮರ್ಯಾದೆಯೇ ಚುಚ್ಚಿತು. ಅನಂತರಾಜು ತಲೆಯೆತ್ತಲಿಲ್ಲ.

"ನೀನು ಮನೆಯೋನು ಅಂತ ಕರೀಲಿಲ್ಲ ಕಣೋ ಅನಂತ. ಮಗನಿಗೆ ಕುಂಕುಮ ಇಟ್ಟು ಕರೀತಾರಾ?"

"ಕುಂಕುಮದ್ ಮಾತು ಬಿಡಿ ಅತ್ಗೆ. ಅದು ಇವ್ಳ ಸಿಟ್ಟು." ಅವನು ಅಂಗೈಯ ಗಾಯದ ಕಲೆ ಉಜ್ಜಿಕೊಂಡ. "ನೀವು ಹೇಳ್ದಂಗೆ ನಾನು ಮನೆಯೋನೇ ಅಂತಿಟ್ಕೊಳಿ. ಆ ರೂಮಿಗೆ ಕುರ್ಚಿ ಎಷ್ಟು ತಂದ್ರಿ?"

ರಾಧಾಮಣಿ ಭರಣಿಯನ್ನು ಚಾಪೆಯ ಮೇಲಿಟ್ಟಳು.

"ಗಾಜು ಹೊರೋಕೆ ಮನೆಯೋನು. ಕೂರೋಕೆ ಹೊರಗಿನೋನು. ಅಲ್ವಾ ಅತ್ಗೆ?"

ತುಳಸಿಗೆ ಜಾಗ ಬೇಕಿತ್ತು ಎನ್ನಬಹುದಿತ್ತು. ದೇವರನ್ನು ಮುಂದಿಟ್ಟುಕೊಂಡು ಸುಳ್ಳಾಡಲು ಅವಳ ನಾಲಿಗೆ ಏಳಲಿಲ್ಲ. ಎಣಿಸುವಾಗ ಅವನು ನೆನಪಾಗಿರಲೇ ಇಲ್ಲ.

ಮರುದಿನವೇ ಅವಳು ಯಲಹಂಕಕ್ಕೆ ಓಡಿದಳು. ಆ ಸೆಟ್ಟಿನ ನಾಲ್ಕನೆಯ ಕುರ್ಚಿ ಯಾರದೋ ಮನೆ ಸೇರಿತ್ತು. ಬೇರೆ ಬಣ್ಣದ್ದೊಂದನ್ನು ತಂದು, ತುಳಸಿಯನ್ನು ಮೂಲೆಗೆ ಸರಿಸಿ ಇಟ್ಟಳು. ಅದರ ಮೇಲೆ ಯಾರೂ ಕೂರಲಿಲ್ಲ.

ಯುಗಾದಿ ಕಳೆಯಿತು, ಹೊಂಗೆಮರ ಉರುಳಿತು. ಪಾಯದ ಗುಂಡಿ ತೋಡಿದರು. ಚನ್ನಕೇಶವ ಅಲ್ಲಿಗೇ ಹೋಗಿ ಎಗರಾಡಿದ. "ಮಾತು ಕೊಟ್ಟಿದ್ಯಲ್ಲೋ?"

"ಅತ್ಗೆ ಮಗನಾಗಿದ್ದಾಗ ಕೊಟ್ಟಿದ್ದಣ್ಣ. ಈಗ ನಿನ್ ದಾಯಾದಿ ನಾನು. ದಾಯಾದಿ ಮಾಡೋದ್ ಮಾಡ್ತಾವ್ನಿ."

ಹುಡುಗರ ಪಿ.ಜಿ.ಗೆಂದು ಮಹಡಿಯ ಮೇಲೆ ಮಹಡಿ ಎದ್ದಿತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರಕ್ಕೆ ಬಂದ ಅದರ ಗೋಡೆ, ಬಿಸಿಲುಕೋಣೆಯ ಗಾಜಿನ ತುಂಬ ಬೂದು ಸಿಮೆಂಟನ್ನೇ ತೋರಿಸಿತು. ಬೆಳಗಾದರೂ ಒಳಗೆ ಕತ್ತಲೆ. ತುಳಸಿ ಎಲೆ ಉದುರಿಸಿತು. ವ್ಯಾಸಪೀಠದ ಮೇಲಿನ ಗ್ರಂಥವನ್ನು ಲೈಟು ಹಾಕಿಯೇ ಓದಬೇಕಾಯಿತು. ಓದಿದರೂ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಅಣ್ಣತಮ್ಮಂದಿರು ಕಾದಾಡಿದ ಕಥೆಗೆ ಅಪ್ಪನ ಓದಿನಲ್ಲಿ ಅಳುತ್ತಿದ್ದವಳಿಗೆ ಈಗ ಕಣ್ಣೀರೂ ಬರಲಿಲ್ಲ.

ಕಟ್ಟಡದ ಗೃಹಪ್ರವೇಶಕ್ಕೆ ಕರೆಯಲು ಗಂಡ ಹೆಂಡತಿ ಬಂದರು. ಪದ್ಮಶ್ರೀಗೆ ರೇಷ್ಮೆ ಸೀರೆ, ಕೈಯಲ್ಲಿ ಬೆಳ್ಳಿ ಭರಣಿ. ಅನಂತರಾಜುವಿನ ಹೆಗಲಿಗೆ ಶಲ್ಯ. ನೇರ ಮಹಡಿಗೇ ಹತ್ತಿ ಬಂದರು. ರಾಧಾಮಣಿ ಎದ್ದು, ಬೇರೆ ಬಣ್ಣದ ಆ ಕುರ್ಚಿಯನ್ನು ಸೆರಗಿನಿಂದ ಒರೆಸಿ ಮುಂದೆ ಎಳೆದಳು.

"ಕೂತ್ಕೊಳೋ ಅನಂತ. ನಿಂದೇ ಇದು."

"ಇಲ್ಲ, ಇನ್ನೂ ಬಾಳ ಮನೆ ಐತೆ." ನಿಂತೇ ಕೈ ಜೋಡಿಸಿದ. "ತಾವು ಮನೆಮಂದಿಯೆಲ್ಲ ಬಂದು ಕಾರ್ಯ ನಡೆಸ್ಕೊಡಬೇಕು."

ಅವನು ಮಾತು ಕಲಿತಾಗಿನಿಂದ ಅವಳನ್ನು ತಾವು ಎಂದದ್ದಿಲ್ಲ. ಪದ್ಮಶ್ರೀ ಕುಂಕುಮ ಇಟ್ಟು, ಅಕ್ಷತೆ ಕೊಟ್ಟು, ಕಾಲಿಗೆ ಬಿದ್ದು ಎದ್ದಳು. ಶಾಸ್ತ್ರದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಮೆಟ್ಟಿಲಿಳಿಯುವ ಸದ್ದು ಕೆಳಗೆ ಗೇಟಿನವರೆಗೂ ಕೇಳಿಸಿತು.

ರಾಧಾಮಣಿ ಅಕ್ಷತೆಯ ಮುಷ್ಟಿ ಬಿಗಿಹಿಡಿದು ಕೂತಿದ್ದಳು.

"ಲೈಟ್ ಹಾಕ್ಲಾ ಅಮ್ಮ?" ಎಂದಳು ಮೋನಿಕಾ.

"ಹಾಕು. ಹಾಕಿ, ಕುಂಕುಮ ನೆಟ್ಟಗಿಟ್ಟವ್ಳಾ ನೋಡು."