ಕೌದಿಯ ಕೂಲಿ

ಹನ್ನೆರಡು ಕೌದಿಗಳಿದ್ದ ನನ್ನ ಗಂಟನ್ನು ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಂಡಿದ್ದಾರೆ ಎಂದು ಟ್ರಾನ್ಸ್‌ಪೋರ್ಟಿನವನು ಫೋನು ಮಾಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಸಂಡೂರಿನ ಅದಿರು ಲಾರಿಗಳು ಒಂದರ ಬೆನ್ನಿಗೊಂದು, ಮೇಲೊಂದು ತಾಡಪಾಲೂ ಇಲ್ಲದೆ, ಊರಿಗೆಲ್ಲ ಕೆಂಪು ಧೂಳು ಬಳಿದುಕೊಂಡು ಹೋಗುತ್ತಿದ್ದ ಕಾಲ ಅದು. ಅವನ್ನೆಲ್ಲ ಬಿಟ್ಟು ನನ್ನ ಕೌದಿ ಗಂಟೇ ಬೇಕಾಗಿತ್ತೇ ಇವರಿಗೆ!

ತಪ್ಪು ನನ್ನದೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಗಂಟಿನ ಚೀಟಿಯ ಮೇಲೆ ನಾನು ‘ಹಳೆ ಬಟ್ಟೆ’ ಎಂದು ಬರೆದಿದ್ದೆ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಒತ್ತೊತ್ತಾಗಿ ದಾರ ಹಾಕಿದರೆ ಕೌದಿ. ಹಳೆ ಬಟ್ಟೆಯಲ್ಲದೆ ಮತ್ತೇನು? ಗಂಟು ಬಿಚ್ಚಿ ನೋಡಿದವರಿಗೆ ಮಾತ್ರ ಹೊಚ್ಚ ಹೊಸ ಹೊದಿಕೆಗಳು ಕಂಡವು. ತೆರಿಗೆ ತಪ್ಪಿಸಲು ಸುಳ್ಳು ಬರೆದಿದ್ದಾಳೆ ಎಂದುಕೊಂಡರು.

ಮಾರಾಟಕ್ಕೆ ವ್ಯಾಟ್ ಎಂಬ ಹೊಸ ತೆರಿಗೆ ಬಂದು ಎರಡು ವರ್ಷವಾಗಿತ್ತು. ನನ್ನ ಮಗಳು ಕಾವ್ಯ ಇಂಟರ್ನೆಟ್ಟಿನಲ್ಲಿ ಮಾರುವ ಒಂದು ಸೈಟಿನಲ್ಲಿ ನನಗೊಂದು ಅಂಗಡಿ ತೆರೆದುಕೊಟ್ಟಿದ್ದಳು. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ನಾನೇ ಫೋಟೋ ಹಾಕುವುದನ್ನು ಕಲಿತಿದ್ದೆ. ಸ್ಟೀಲ್ ಪಾತ್ರೆ ಕೊಟ್ಟು ಹಳೆ ಸೀರೆ ತೆಗೆದುಕೊಳ್ಳುವವರಿಂದ ಸೀರೆ ಕೊಳ್ಳುತ್ತಿದ್ದೆ. ಮಲಪನಗುಡಿಯ ಎಂಟು ಹೆಂಗಸರು ಹೊಲಿಯುತ್ತಿದ್ದರು. ಅವರಲ್ಲಿ ತಾಯಕ್ಕನಂಥವರು ಗಣಿಯಲ್ಲಿ ಬುಟ್ಟಿ ಹೊರುವುದನ್ನು ಬಿಟ್ಟು ಬಂದವರು. ಒಂದೊಂದೇ ಕೌದಿ ಅಂಚೆಯಲ್ಲಿ ಹೋಗುವವರೆಗೆ ತೆರಿಗೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಪುಣೆಯ ಈ ಹನ್ನೆರಡರ ಆರ್ಡರು ನಮ್ಮ ಮೊದಲ ದೊಡ್ಡ ಆರ್ಡರು. ಹತ್ತು ದಿನದಲ್ಲಿ ಮುಟ್ಟದಿದ್ದರೆ ಸೈಟಿನವರು ನನ್ನ ಅಂಗಡಿಯನ್ನೇ ಮುಚ್ಚಿಬಿಡುತ್ತಿದ್ದರು.

ತೆರಿಗೆ ಕಚೇರಿಗೆ ಹೋದೆ. ಅಧಿಕಾರಿ ತಿಪ್ಪೇಶ್ ಎಂಬ ಸಣ್ಣ ವಯಸ್ಸಿನವರು, ಬೈದರೂ ಬೈಸಿಕೊಳ್ಳುವ ಸ್ವಭಾವದವರು.

“ನೋಡ್ರಿ ಅಮ್ಮಾ, ಊರಾಗ ಒಂದಿಷ್ಟು ಮಾರಿದ್ರ ನಾವ್ ಕೇಳಂಗಿಲ್ಲ. ಹೊರರಾಜ್ಯಕ್ಕ ಒಂದು ಕರ್ಚೀಫ್ ಮಾರಿದ್ರೂ ನೋಂದಣಿ ಬೇಕು. ಲೆಕ್ಕ ಕೊಡಬೇಕು. ಈ ಗಂಟಿಗೆ ತೆರಿಗಿ, ದಂಡ ಎರಡೂ ಕಟ್ರಿ,” ಎಂದರು.

“ಕರ್ಚೀಫಿಗೆ ಇಷ್ಟು ಕಾನೂನು ಐತಿ. ಆ ಲಾರಿಗಳಿಗೆ ಇಲ್ಲೇನ್ರಿ?” ಎಂದೆ.

ಅವರು ನೋಂದಣಿಯ ಅರ್ಜಿಯೊಂದನ್ನು ನನ್ನ ಕಡೆ ಸರಿಸಿದರು.

ನೋಂದಣಿ ಮಾಡಿಸಿಯೇ ಬಿಡುತ್ತೇನೆ ಎಂದು ಹೊರಟರೆ ಅದಕ್ಕೆ ವ್ಯಾಪಾರದ ಜಾಗದ ಕಾಗದ ಬೇಕಂತೆ. ನಾವಿರುವ ಮನೆ ನನ್ನ ಭಾವ, ಅಂದರೆ ಗಂಡನ ಅಣ್ಣ, ವಿರುಪಾಕ್ಷಪ್ಪನವರ ಹೆಸರಿನಲ್ಲಿತ್ತು. ಮೂರು ತಲೆಮಾರಿನ ಜವಳಿ ಅಂಗಡಿಯ ಯಜಮಾನರು. ಅವರ ಒಂದು ಸಹಿ ಸಾಕಿತ್ತು.

“ಸಹಿ ಯಾಕ ಬೇಕು? ನನ್ನ ನಂಬರೇ ಐತಲ್ಲ,” ಎಂದರು ಭಾವ. “ನಮ್ಮ ಅಂಗಡಿ ಬಿಲ್ಲಿನಾಗ ಹೋಗ್ಲಿ. ಕಂಪ್ಯೂಟರಿನಾಗ ಹೆಸರೂ ನಮ್ಮ ಅಂಗಡೀದ ಹಾಕಿಸು. ಬಳ್ಳಾರಿ ಮಷೀನಿನವರಿಗೆ ಹೇಳಿದ್ರ ದಿನಕ್ಕ ಐವತ್ತು ಹೊಲದು ಒಗೀತಾರ.”

“ಮಲಪನಗುಡಿ ಹೆಂಗಸರು?”

“ಅವರಿಗೇನು, ಗಣಿಯಾಗ ಕೆಲಸ ಇಲ್ಲೇನು?”

ನನ್ನ ಗಂಡ ಮರಿಸ್ವಾಮಿ ಅಲ್ಲೇ ಕೂತಿದ್ದರು. ಅಣ್ಣನ ಎದುರು ಬಾಯಿ ಬಿಡುವ ಪೈಕಿ ಅಲ್ಲ ಅವರು. ನಾನು ಎದ್ದೆ. ಹೂಂ ಅಂದರೆ ಆರು ತಿಂಗಳಲ್ಲಿ ಆ ಅಂಗಡಿ ಭಾವನದು, ಕೌದಿ ಮಷೀನಿನದು, ತಾಯಕ್ಕನ ತಲೆಯ ಮೇಲೆ ಮತ್ತೆ ಬುಟ್ಟಿ. ನನ್ನ ಜೀವ ಇರುವತನಕ ಅದಾಗಲಿಕ್ಕೆ ಬಿಡುವುದಿಲ್ಲ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಆಟೊ ಹಿಡಿದು ಮಲಪನಗುಡಿಗೆ ಹೋಗಿ ಸುದ್ದಿ ಹೇಳಿದೆ. ಎಂಟು ಜನಕ್ಕೂ ಹಿರಿಯಳಾದ ಎರ್ರಮ್ಮ ಸೂಜಿ ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ನನ್ನನ್ನೇ ಬೈದಳು.

“ನಾ ಮೊದಲಿಂದ ಹೇಳೀನಿ ಸಾವ್ಕಾರಮ್ಮಾರ. ಕೌದಿ ಎಲ್ಲಿಯಾರ ಮಾರ್ತಾರೇನು? ಅವರ ಮನಿ ಸೀರಿ ಅವರು ತಂದು ಹಾಕ್ತಾರ. ನಾವು ಹೊಲದು ಕೊಡ್ತೀವಿ, ಕೂಲಿ ಇಸ್ಗೊಂತೀವಿ. ನಮ್ಮವ್ವ ನೂರಾರು ಕೌದಿ ಹೊಲದಾಳ, ಒಂದೂ ಮಾರಿಲ್ಲ. ಯಾರ್ಯಾರ್ದೋ ಸೀರಿ ಕೊಂಡು ತಂದು ಮಾರಕ್ಕೆ ನಿಂತಾಕಿ ನೀವ!”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಟ್ಟನೆ ಎದ್ದು, “ಎರ್ರಮ್ಮಾ, ಸೂಜಿ ಇಡು, ನಡಿ,” ಎಂದೆ. ನಾನು ಬಂದಿದ್ದ ಆಟೊ ಇನ್ನೂ ನಿಂತೇ ಇತ್ತು.

ಇನ್ನು ಮುಂದೆ ಕೌದಿ ಮಾರುವುದಿಲ್ಲ, ಹೊಲಿದಷ್ಟೇ ಕೊಡುತ್ತೇವೆ ಎಂದದ್ದನ್ನು ತಿಪ್ಪೇಶ್ ಸಾಹೇಬರು ನಮ್ಮಿಬ್ಬರನ್ನೂ ಕೂರಿಸಿ ಕೇಳಿಸಿಕೊಂಡರು.

“ಹಿಡದ ಗಂಟಿಗೆ ದಂಡ ಕಟ್ಟಲೇಬೇಕು. ಅದು ನೀವು ಕೊಂಡು ಮಾರಿದ ಮಾಲು. ಇನ್ನು ಮುಂದಿಂದು ಹೇಳ್ರಿ. ಬಟ್ಟಿ ಯಾರ್ದು?”

“ಗಿರಾಕಿಗಳ್ದು. ಅವರ ಸೀರಿ ಅವರೇ ಕಳಸ್ತಾರ. ನಾವು ಹೊಲದು ವಾಪಸ್ ಕಳಸ್ತೀವಿ,” ಎಂದೆ.

“ದಾರ?”

ದಾರ ನಾನೇ ಪೇಟೆಯಲ್ಲಿ ಕೊಳ್ಳುತ್ತಿದ್ದೆ. ಎರ್ರಮ್ಮ ಮುಂದೆ ಬಗ್ಗಿದಳು.

“ಸೀರಿ ಕೊಟ್ಟಾರು ದಾರ ಕೊಡಂಗಿಲ್ಲೇನ್ರಿ? ನಮ್ಮ ಕಡೆ ದಾರಾನೂ ಮನಿಯಾರ್ದ. ಸೂಜಿ ಒಂದ ನಮ್ದು.”

“ಸೂಜಿ ಮಾರಂಗಿಲ್ಲ ಹೌದಿಲ್ಲೋ?”

“ಸೂಜಿ ಕೊಟ್ರ ನಾಳಿ ಏನ್ ಉಗುರಿಲೆ ಹೊಲೀಲೇನ್ರಿ?”

ಸಾಹೇಬರು ಜೋರಾಗಿ ನಕ್ಕುಬಿಟ್ಟರು. ಪಕ್ಕದ ಮೇಜಿನವರೂ ತಿರುಗಿ ನೋಡಿದರು.

“ಹಂಗಾದ್ರ ಅದು ಮಾರಾಟ ಅಲ್ಲ, ಬರೇ ಕೂಲಿ. ಅದಕ್ಕ ನಮ್ಮ ತೆರಿಗಿ ಬರಂಗಿಲ್ಲ. ಬರದು ಕೊಡ್ರಿ. ಪ್ರತಿ ಗಂಟಿನ ಜೊತಿ ಅದರ ನಕಲು ಇರಲಿ,” ಎಂದು ಹಾಳೆ ಮುಂದಿಟ್ಟರು.

ಅವರು ಹೇಳಿದಂತೆ ಬರೆಯುತ್ತ ಹೋದೆ. ‘ನಾನು ವ್ಯಾಪಾರಿಯಲ್ಲ. ಹೊಲಿಗೆಯ ಕೂಲಿ ಕೆಲಸ ಮಾಡುವವಳು’ ಎಂಬಲ್ಲಿ ಪೆನ್ನು ನಿಂತಿತು. ಜವಳಿ ಅಂಗಡಿಯ ಮನೆಗೆ ಸೊಸೆಯಾಗಿ ಬಂದವಳು ನಾನು. ಪೇಟೆಯಲ್ಲಿ ಎದುರಾದವರು ‘ಸಾವ್ಕಾರ್ರ ಮನಿಯಾಕಿ’ ಎಂದು ದಾರಿ ಬಿಡುತ್ತಿದ್ದರು. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಆದರೂ ಬರೆದೆ. ಕೆಳಗೆ ‘ಗಂಗಾಂಬಿಕಾ’ ಎಂದು ಪೂರ್ತಿ ಹೆಸರು ಹಾಕಿದೆ. ಒಂದು ವರ್ಷದ ಲಾಭವೆಲ್ಲ ದಂಡಕ್ಕೆ ಹೋಯಿತು. ಗಂಟು ಒಂಬತ್ತನೆಯ ದಿನ ಪುಣೆ ಮುಟ್ಟಿತು.

“ಮನೆತನದ ಮರ್ಯಾದಿ ತೆಗದಿ,” ಎಂದರು ಭಾವ.

“ಕಳ್ಳಿ ಅಂತ ಬರದು ಕೊಟ್ಟಿಲ್ರಿ ಭಾವಾರ, ಕೂಲಿ ಅಂತ ಬರದು ಕೊಟ್ಟೀನಿ,” ಎಂದೆ. ಅಂದು ಮೊದಲ ಸಲ ನನ್ನ ಗಂಡ ಅಣ್ಣನ ಎದುರು ನಕ್ಕರು.

ಇಂಟರ್ನೆಟ್ಟಿನ ಅಂಗಡಿಯಲ್ಲಿದ್ದ ಫೋಟೋಗಳ ಕೆಳಗಿನ ಬೆಲೆಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಸಿದೆ: ನಿಮ್ಮ ಮನೆಯ ಹಳೆ ಸೀರೆ, ದಾರ ಕಳಿಸಿ, ಹೊಲಿದು ಕಳಿಸುತ್ತೇವೆ, ಕೂಲಿ ಮಾತ್ರ ಕೊಡಿ. ಹದಿನೆಂಟು ದಿನ ಯಾರೂ ಏನೂ ಕಳಿಸಲಿಲ್ಲ. ತಾಯಕ್ಕ ಗಣಿಯ ಮೇಸ್ತ್ರಿಯನ್ನು ವಿಚಾರಿಸಲು ಹೋಗಿದ್ದಳು ಎಂದು ಕೇಳಿ ನನಗೆ ಅನ್ನ ಸೇರಲಿಲ್ಲ. ಹತ್ತೊಂಬತ್ತನೆಯ ದಿನ ನಾಗಪುರದಿಂದ ಒಂದು ಪಾರ್ಸೆಲ್ ಬಂತು: ತೀರಿಕೊಂಡ ಅಜ್ಜಿಯೊಬ್ಬರ ಆರು ಸೀರೆ, ಹತ್ತು ಉಂಡೆ ದಾರ. ಆ ವಾರವೇ ಇನ್ನೂ ನಾಲ್ಕು ಬಂದವು.

ಐದನ್ನೂ ಆಟೊದಲ್ಲಿ ಹಾಕಿಕೊಂಡು ಮೆರವಣಿಗೆಯವಳ ಹಾಗೆ ಮಲಪನಗುಡಿಗೆ ಹೋದೆ. ಹೆಂಗಸರು ಸೀರೆ ಹಾಸಿ ಸುತ್ತ ಕೂತರು. ನಾನು ಯಾವಾಗಿನಂತೆ ಕಟ್ಟೆಯ ಮೇಲೆ ಕೂತೆ.

“ಅಲ್ಲ್ಯಾಕ ಕುಂತ್ರಿ?” ಎಂದಳು ಎರ್ರಮ್ಮ. “ಕಾಗದದಾಗ ಕೂಲಿ ಅಂತ ಬರದ್ರಿ. ಬರ್ರಿ ಕೆಳಗ.”

ತಮಾಷೆ ಎಂದುಕೊಂಡೆ. ಅವಳು ದಾರ ಪೋಣಿಸಿದ ಸೂಜಿ ಚಾಚಿಕೊಂಡೇ ಇದ್ದಳು.

“ಪಾರ್ಸೆಲ್ ಕಟ್ಟಾದು, ಕಂಪ್ಯೂಟರ್ ನೋಡಾದು, ಅದೆಲ್ಲ ಯಾರು ಮಾಡ್ತಾರ?” ಎಂದೆ ಸಿಟ್ಟಿನಿಂದ.

“ಅದಕ್ಕೂ ಕೂಲಿ ಹಿಡೀರಿ, ಬ್ಯಾಡ ಅಂದೋರ್ಯಾರು? ಸಾವ್ಕಾರಕಿ ಪಾಲು ಮಾತ್ರ ಇಲ್ಲ. ಮ್ಯಾಲೆ ಕುಂತು ಪಾಲು ತಗೊಂಡ್ರ ನೀವು ಬರದಿದ್ದು ಸುಳ್ಳಾಗಂಗಿಲ್ಲೇನು? ಆ ಸಾಹೇಬನ ಮುಂದ ನಾನೂ ಕುಂತಿದ್ನಿ.”

ಯಾರೂ ನಗಲಿಲ್ಲ. ಎಂಟು ಜನವೂ ಸೂಜಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅಧಿಕಾರಿಗೆ ಕೊಟ್ಟ ಕಾಗದವನ್ನು ನಾನು ತೆರಿಗೆಯಿಂದ ಪಾರಾಗುವ ಉಪಾಯ ಎಂದುಕೊಂಡಿದ್ದೆ. ಓದಲು ಬಾರದ ಈ ಮುದುಕಿ ಅದನ್ನು ನಾನು ಕೊಟ್ಟ ಮಾತು ಎಂದುಕೊಂಡಿದ್ದಳು.

ಕಟ್ಟೆಯಿಂದ ಇಳಿದೆ. ತಾಯಕ್ಕ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ನಾಗಪುರದ ಸೀರೆಯ ಅಂಚಿಗೆ ಒಂದು ಸಾಲು ಹೊಲಿದು ಮುಗಿಸುವಷ್ಟರಲ್ಲಿ ಬೆರಳಿಗೆ ಮೂರು ಸಲ ಚುಚ್ಚಿಕೊಂಡಿದ್ದೆ. ಎರ್ರಮ್ಮ ಬಗ್ಗಿ ನೋಡಿದಳು.

“ಸೊಟ್ಟ ಐತಿ. ಬಿಚ್ಚಿ ಮತ್ತ ಹೊಲೀರಿ.”

ಬಿಚ್ಚಿ ಮತ್ತೆ ಹೊಲಿದೆ. ಅದನ್ನೂ ಬಿಚ್ಚಿಸಿದಳು. ಮೂರನೆಯ ಸಲ ಹೊಲಿದದ್ದನ್ನು ಬೆರಳಿನಿಂದ ಸವರಿ ನೋಡಿ, ತನ್ನ ಹೊಲಿಗೆಗೆ ತಿರುಗಿದಳು. ನಾನು ಎರಡನೆಯ ಸಾಲು ಹಿಡಿದೆ.